ವೈರಲ್ ಲೋಡ್ ಸರಿ ಇದೆ, ಬಿಪಿ ಮಾತ್ರ 160/100. ಎಆರ್‌ಟಿ ಮಾತ್ರೆಯಿಂದ ಬಂತಾ?

ದೋಣಿಯವ, ಅಂಕೋಲಾ ಕಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಸರು ಹೇಳಬೇಕಾಗಿಲ್ಲ ಎಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನನಗೆ 46 ವರ್ಷ. ಪರ್ಸಿನ್ ಬೋಟಿನಲ್ಲಿ ಕೆಲಸ. ಎಚ್‌ಐವಿ ಮಾತ್ರೆ, ಅದೇ ಎಆರ್‌ಟಿ, ಶುರುವಾಗಿ ಹತ್ತು ವರ್ಷದ ಮೇಲಾಯಿತು. ಮೊದಲು ರಾತ್ರಿ ತಗೊಳ್ಳುವ ಮಾತ್ರೆ ಕೊಡುತ್ತಿದ್ದರು. ನುಂಗಿದರೆ ತಲೆ ಗಿರ್ ಅನ್ನುತ್ತಿತ್ತು, ರಾತ್ರಿಯಿಡೀ ಹುಚ್ಚು ಕನಸು. ಈಗ ಕೆಲವು ವರ್ಷದಿಂದ ಟಿಎಲ್‌ಡಿ, ಮೂರು ಮದ್ದು ಸೇರಿದ ಮಾತ್ರೆ. ದಿನಕ್ಕೆ ಒಂದೇ, ಏನೂ ತೊಂದರೆ ಇಲ್ಲ. ಹೋದ ಸಲದ ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಪತ್ತೆಯಾಗಿಲ್ಲ ಎಂದೇ ಬಂದಿದೆ.

ಹಲ್ಲು ಕೀಳಿಸಲು ಹೋಗಿದ್ದೆ. ಅಲ್ಲಿ ಬಿಪಿ ನೋಡಿದರು, 160/100. ಮೊದಲು ಇದನ್ನು ಇಳಿಸಿಕೊಂಡು ಬಾ ಎಂದು ವಾಪಸ್ ಕಳಿಸಿದರು. ವಾರ ಬಿಟ್ಟು ಪಿಎಚ್‌ಸಿಯಲ್ಲಿ ನೋಡಿಸಿದೆ, 156/98. ತಲೆನೋವಿಲ್ಲ, ಸುಸ್ತಿಲ್ಲ, ಬಲೆ ಎಳೆಯುವುದಕ್ಕೆ ಏನೂ ಅಡ್ಡಿಯಿಲ್ಲ. ತೂಕ ಮಾತ್ರ ಜಾಸ್ತಿಯಾಗಿ ಹೊಟ್ಟೆ ಬಂದಿದೆ.

ಎರಡು ವಿಷಯ ಕೇಳಬೇಕಿತ್ತು. ಇದು ಟಿಎಲ್‌ಡಿಯಿಂದಲೇ ಬಂದದ್ದಾ, ನಿಲ್ಲಿಸಿದರೆ ಇಳಿಯುತ್ತದಾ? ಇನ್ನೊಂದು, ಊರಿನ ಡಾಕ್ಟರ ಹತ್ತಿರ ಎಚ್‌ಐವಿ ವಿಷಯ ಹೇಳದೆ ಬರೀ ಬಿಪಿ ಮಾತ್ರೆ ಬರೆಸಿಕೊಂಡರೆ ಆಗುವುದಿಲ್ಲವಾ? ಅವರ ಕಂಪೌಂಡರ್ ನಮ್ಮ ಕೇರಿಯವನೇ. ಅವನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಮೀನು ಮಾರ್ಕೆಟ್ ತನಕ ಸುದ್ದಿ ಹೋಗುತ್ತದೆ.

ಘಟ್ಟದ ಕೆಳಗೆ

ಅಣ್ಣಾ, ನನ್ನ ಪರಿಚಯದವರೊಬ್ಬರಿಗೂ ಇದೇ ಆಯಿತು. ಟಿಎಲ್‌ಡಿಗೆ ಬದಲಾದ ಮೇಲೆ ತೂಕ ಏರಿತು, ಆಮೇಲೆ ಬಿಪಿ. ಇಂಗ್ಲಿಷ್ ಔಷಧಿ ಅಂದರೆ ಹೀಗೇ. ಒಂದಕ್ಕೆ ತಗೊಂಡರೆ ಇನ್ನೊಂದು ಹಿಡಿಯುತ್ತದೆ. ಅವರು ಸ್ವಲ್ಪ ದಿನ ಮಾತ್ರೆ ಬಿಟ್ಟು ಜೇಷ್ಠಮಧು ಹಾಕಿದ ಕಷಾಯ ಕುಡಿದರು. ದೇಹ ಶುದ್ಧ ಆಯಿತು ಅಂತಾರೆ. ನೋಡಿ, ನಿಮ್ಮ ಇಷ್ಟ.

ನಿವೃತ್ತ ಸಿಸ್ಟರ್, ಕುಮಟಾ

ತಮ್ಮಾ ದೋಣಿಯವ, ಮಾತ್ರೆ ಬಿಡಬೇಡ. ಒಂದು ದಿನವೂ ಬಿಡಬೇಡ. ಬಿಪಿಗೆ ಹತ್ತು ದಾರಿ ಇದೆ. ಟಿಎಲ್‌ಡಿ ಬಿಟ್ಟರೆ ವೈರಸ್ ವಾಪಸ್ ಏಳುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ. ವೈರಸ್ ಎದ್ದರೆ ರಕ್ತನಾಳಕ್ಕೇ ಇನ್ನೂ ಜಾಸ್ತಿ ಪೆಟ್ಟು.

ಮೇಲೆ ಕಷಾಯ ಹೇಳಿದವರಿಗೆ ಒಂದು ಮಾತು. ಜೇಷ್ಠಮಧು ಜಾಸ್ತಿ ದಿನ ಕುಡಿದರೆ ಬಿಪಿ ಏರುತ್ತದೆ, ಇಳಿಯುವುದಿಲ್ಲ. ಮೈಯಲ್ಲಿ ಉಪ್ಪು ನೀರು ನಿಲ್ಲಿಸುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ. ಗಂಟಲು ಕೆರೆತಕ್ಕೆ ಒಂದೆರಡು ದಿನ ಅಗಿದರೆ ಅದು ಬೇರೆ ಮಾತು. ಬಿಪಿ ಇರುವವರಿಗೆ ಅದನ್ನೇ ಔಷಧಿ ಎಂದು ಹೇಳುವುದು ತಪ್ಪು.

ಸರಕಾರ 2004ರಲ್ಲಿ ಎಆರ್‌ಟಿ ಮಾತ್ರೆ ಪುಕ್ಕಟೆ ಕೊಡಲು ಶುರು ಮಾಡಿತು. ಅದಕ್ಕೂ ಮೊದಲು ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಆಗ ನಮ್ಮ ರೋಗಿಗಳಿಗೆ ಬಿಪಿ ಬರುವಷ್ಟು ಆಯುಷ್ಯವೇ ಇರುತ್ತಿರಲಿಲ್ಲ. ಟಿಬಿ, ಭೇದಿ, ಮೆದುಳಿನ ಸೋಂಕು, ಅಷ್ಟರಲ್ಲೇ ಮುಗಿಯುತ್ತಿತ್ತು. ಈಗ ಐವತ್ತು ಅರವತ್ತು ದಾಟಿದವರು ಬೇಕಷ್ಟು ಜನ ಇದ್ದಾರೆ. ಎಲ್ಲರಿಗೂ ಬರುವ ಬಿಪಿ, ಶುಗರ್ ಇವರಿಗೂ ಬರುತ್ತದೆ. ಸ್ವಲ್ಪ ಬೇಗ ಬರುತ್ತದೆ, ಅಷ್ಟೆ.

ಇನ್ನು ಬಿಪಿ ನೋಡಿದ್ದು ಹೇಗೆ ಅಂತ ಹೇಳು. ಬಸ್ಸಿಳಿದು ಬಿಸಿಲಲ್ಲಿ ಬಂದು, ಹಲ್ಲು ಕೀಳುತ್ತಾರೆ ಎಂಬ ಹೆದರಿಕೆಯಲ್ಲಿ ಕೂತಾಗ ನೋಡಿದರೆ ಯಾರಿಗೂ ಏರುತ್ತದೆ. ಅರ್ಧ ಗಂಟೆ ಮೊದಲಿನಿಂದ ಚಾ, ಬೀಡಿ, ಕವಳ (ಎಲೆ ಅಡಿಕೆ) ಇರಬಾರದು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂರಬೇಕು. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇರಬೇಕು. ಪಟ್ಟಿ ಕಟ್ಟಿದ ಮೇಲೆ ಮಾತು ಬೇಡ. ಎರಡು ಸಲ ನೋಡಬೇಕು. ಹೀಗೆ ನೋಡಿಯೂ ಬೇರೆ ಬೇರೆ ದಿನ 140/90ರ ಮೇಲೆ ಬಂದರೆ ಅದು ನಿಜವಾದ ಬಿಪಿ.

ದೋಣಿಯವ, ಅಂಕೋಲಾ ಕಡೆ

ಪಿಎಚ್‌ಸಿಯಲ್ಲಿ ಕೂರಿಸಿಯೇ ನೋಡಿದರು ಸಿಸ್ಟರ್. ಆದರೆ ಬಾಯಲ್ಲಿ ಕವಳ ಇತ್ತು. ಹೊಗೆಸೊಪ್ಪಿನ ಜೊತೆಗೇ.

ತೋಟದಮನೆ, ಶಿರಸಿ

ಕವಳದ ವಿಷಯ ಬಂತಲ್ಲ, ಹಾಗಾಗಿ ಬರೆಯುತ್ತೇನೆ. ನಾನೂ ಎಆರ್‌ಟಿ ಮೇಲೆ ಇರುವವನೇ, ವಯಸ್ಸು 58. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬರುವುದು ನೀರು, ಆಮೇಲೆ ಕವಳದ ಬಟ್ಟಲು. ಅಡಿಕೆ ಬೆಳೆದು ತಿನ್ನುವ ನಾನು ಅದಕ್ಕೆ ಬೈಯಲಾರೆ. ಆದರೆ ಹೊಗೆಸೊಪ್ಪಿನ ನಿಕೋಟಿನ್ ಹಾಕಿದ ಹೊತ್ತಿಗೆ ನಾಡಿ, ಬಿಪಿ ಎರಡನ್ನೂ ಏರಿಸುತ್ತದೆ. ದಿನವಿಡೀ ದವಡೆಯಲ್ಲಿ ಇಟ್ಟುಕೊಂಡವನಿಗೆ ದಿನವಿಡೀ ಏರಿಕೆಯೇ. ನಾನು ಎಲೆ, ಅಡಿಕೆ, ಸುಣ್ಣ ಎಲ್ಲ ಇಟ್ಟುಕೊಂಡು ಹೊಗೆಸೊಪ್ಪು ಬಿಡಲು ನೋಡಿದೆ. ಆಗಲಿಲ್ಲ ಮಾರಾಯ್ರೆ. ಬಾಯಿಗೆ ಕವಳ ಬಿದ್ದ ತಕ್ಷಣ ಅದೂ ಬೇಕೆನಿಸುತ್ತದೆ. ಕೊನೆಗೆ ಪೂರ್ತಿ ಕವಳವನ್ನೇ ಬಿಡಬೇಕಾಯಿತು. ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ದಾರಿ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿನ ಒಳಗೆ ಎನ್ನುತ್ತದೆ. ಅಂದರೆ ಹೆಚ್ಚು ಕಡಿಮೆ ಒಂದು ಟೀ ಚಮಚ, ಎಲ್ಲ ಸೇರಿ. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು, ಅಪ್ಪೆಹುಳಿ ಇವೇ ಆ ಲೆಕ್ಕ ಮುಗಿಸುತ್ತವೆ. ಅನ್ನಕ್ಕೆ ಉಪ್ಪು ಹಾಕದಿದ್ದರೆ ಸಾಕು ಅಂದುಕೊಂಡವರಿಗೆ ಇದು ಹೊಳೆಯುವುದೇ ಇಲ್ಲ.

ದೋಣಿಯವ, ಅಂಕೋಲಾ ಕಡೆ

ನಮ್ಮದು ಒಣಮೀನು. ಬೆಳಿಗ್ಗೆ ಗಂಜಿಗೆ ಸುಟ್ಟ ಒಣ ಬಂಗಡೆ ಇಲ್ಲದಿದ್ದರೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಅದೇ ಎರಡು ಹೊತ್ತೂ.

ನಿವೃತ್ತ ಸಿಸ್ಟರ್, ಕುಮಟಾ

ಒಣಮೀನನ್ನು ಬಿಟ್ಟೇಬಿಡು ಎಂದು ನಾನು ಹೇಳಿದರೆ ನೀನು ಕೇಳುವುದೂ ಇಲ್ಲ. ರಾತ್ರಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು ಸುಡು. ವಾರಕ್ಕೆ ಒಂದು ದಿನ ಇಟ್ಟುಕೋ. ಹಸಿ ಬಂಗಡೆ, ತಾರ್ಲೆ ಎಷ್ಟು ಬೇಕಾದರೂ ತಿನ್ನು, ಒಳ್ಳೆಯದೇ. ಸಾಣಿಕಟ್ಟಾ ಉಪ್ಪಾದರೆ ತೊಂದರೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ಊರ ಉಪ್ಪಿನ ಮೇಲೆ ನಮಗೆಲ್ಲ ಅಭಿಮಾನ ಇದೆ, ಸರಿ. ಆದರೆ ಬಿಪಿ ವಿಷಯದಲ್ಲಿ ಆ ಉಪ್ಪೂ ಉಪ್ಪೇ.

ನಿರ್ವಾಹಕರು

ಹೆಸರು, ಫೋನ್ ನಂಬರ್, ಎಆರ್‌ಟಿ ನಂಬರ್ ಯಾರೂ ಹಾಕಬೇಡಿ. ಒಬ್ಬರು ರಿಪೋರ್ಟಿನ ಫೋಟೋ ಹಾಕಿದ್ದರು, ತೆಗೆದಿದ್ದೇವೆ.

ಔಷಧಿ ಅಂಗಡಿ, ಹೊನ್ನಾವರ

ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ. ನಾನು ಕೌಂಟರಿನ ಈಚೆ ಕೂತು ನೋಡಿದ್ದನ್ನು ಹೇಳುತ್ತೇನೆ.

ಟಿಎಲ್‌ಡಿಯಲ್ಲಿ ಇರುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಸಾಮಾನ್ಯವಾಗಿ ಬರೆಯುವ ಬಿಪಿ ಮಾತ್ರೆಗಳಾದ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಇದರ ಜೊತೆ ಜಗಳ ಆಡುವುದಿಲ್ಲ. ಹಾಗಾಗಿ ದೋಣಿಯವರು ಹೇಳದೆ ತಗೊಂಡರೂ ಬಿಪಿ ಮಾತ್ರೆಯ ಮಟ್ಟಿಗೆ ದೊಡ್ಡ ಅಪಾಯ ಇಲ್ಲ. ಅಪಾಯ ಇರುವುದು ಪಕ್ಕದಲ್ಲಿ ಬರುವ ಬೇರೆ ಮಾತ್ರೆಗಳಲ್ಲಿ. ಸೊಂಟ ನೋವೆಂದು ಡೈಕ್ಲೊಫೆನಾಕ್ ಕೊಡುತ್ತಾರೆ. ಅದು ಬಿಪಿ ಏರಿಸುತ್ತದೆ. ಟೆನೊಫೊವಿರ್ ಇರುವವರ ಕಿಡ್ನಿಗೆ ಎರಡು ಕಡೆಯಿಂದ ಹೊರೆ. ಎದೆಯುರಿ ಎಂದು ಜೆಲುಸಿಲ್ ತರಹದ್ದು ಕುಡಿದು ಅದರ ಹಿಂದೆಯೇ ಟಿಎಲ್‌ಡಿ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿಎಲ್‌ಡಿ ತಗೊಂಡು 2 ಗಂಟೆ ಆದ ಮೇಲೆ ಅದನ್ನು ಕುಡಿಯಬೇಕು. ಮೊದಲೇ ಕುಡಿದಿದ್ದರೆ ಟಿಎಲ್‌ಡಿಗೆ 6 ಗಂಟೆ ಕಾಯಬೇಕು. ಶುಗರಿಗೆ ಮೆಟ್‌ಫಾರ್ಮಿನ್ ಇದ್ದರೆ ಡೊಲುಟೆಗ್ರಾವಿರ್ ಅದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ದಿನಕ್ಕೆ 1000 ಮಿಲಿಗ್ರಾಮ್ ದಾಟದಂತೆ ಡಾಕ್ಟರು ನೋಡಿಕೊಳ್ಳಬೇಕು. ಗೊತ್ತೇ ಇಲ್ಲದ ಡಾಕ್ಟರು ಹೇಗೆ ನೋಡಿಕೊಳ್ಳುತ್ತಾರೆ?

ಮೊದಲಿನ ಮಾತ್ರೆ ಕೆಲಸ ಮಾಡದಾಗ ಕೊಡುವ ಎರಡನೇ ಹಂತದ ಮಾತ್ರೆಯಲ್ಲಿ ಇರುವವರ ಕಥೆ ಪೂರ್ತಿ ಬೇರೆ.

ಕಾಳಿ ದಂಡೆ, ಕಾರವಾರ

ಆ ಬೇರೆ ಕಥೆ ನನ್ನದೇ. ನನಗೆ ಎರಡನೇ ಹಂತ, ಅಟಾಜನಾವಿರ್ ಮತ್ತು ರಿಟೊನಾವಿರ್ ಇರುವ ಜೋಡಿ. ಬಿಪಿ ಬಂತೆಂದು ಮನೆ ಹತ್ತಿರದ ಡಾಕ್ಟರಲ್ಲಿ ಹೋದೆ. ಎಚ್‌ಐವಿ ಹೇಳಲಿಲ್ಲ. ಬೇರೆ ಮಾತ್ರೆ ಏನಾದರೂ ತಗೊಳ್ಳುತ್ತೀರಾ ಎಂದು ಅವರೂ ಕೇಳಲಿಲ್ಲ. ಆಮ್ಲೊಡಿಪಿನ್ 5 ಬರೆದರು, ಸ್ವಲ್ಪ ದಿನದಲ್ಲಿ 10 ಮಾಡಿದರು. ಕಾಲು ಊದಿಕೊಂಡು ಚಪ್ಪಲಿ ಹೋಗದ ಹಾಗಾಯಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಬಚ್ಚಲಲ್ಲಿ ಬಿದ್ದೂ ಆಯಿತು.

ಎಆರ್‌ಟಿ ಸೆಂಟರಿನ ಡಾಕ್ಟರಿಗೆ ತೋರಿಸಿದಾಗ ಚೀಟಿ ನೋಡಿದ ಕೂಡಲೇ ಹೇಳಿದರು. ರಿಟೊನಾವಿರ್ ಲಿವರಿನಲ್ಲಿ ಆಮ್ಲೊಡಿಪಿನ್ ಕರಗುವುದನ್ನು ತಡೆಯುತ್ತದಂತೆ. ನಾನು ತಗೊಂಡದ್ದು 10 ಆದರೂ ಮೈಯಲ್ಲಿ ಅದಕ್ಕಿಂತ ಜಾಸ್ತಿ ತಗೊಂಡ ಹಾಗೆ. 2.5ಕ್ಕೆ ಇಳಿಸಿದರು, ಜೊತೆಗೆ ಟೆಲ್ಮಿಸಾರ್ಟನ್ ಕೊಟ್ಟರು. ಈಗ ಆರಾಮ ಇದೆ.

ಆ ಡಾಕ್ಟರ ಮೇಲೆ ನನಗೆ ಸಿಟ್ಟಿದೆ. ಕೇಳಬೇಕಿತ್ತು. ನಾನು ಹೇಳುವುದು ಬಿಡುವುದು ಆಮೇಲಿನ ಮಾತು.

ಔಷಧಿ ಅಂಗಡಿ, ಹೊನ್ನಾವರ

ಇದೇ ನಾನು ಹೇಳಲು ಹೊರಟದ್ದು ಅಕ್ಕಾ. ಕೊಲೆಸ್ಟ್ರಾಲ್ ಮಾತ್ರೆಯಲ್ಲೂ ಹಾಗೆಯೇ. ರಿಟೊನಾವಿರ್ ಇರುವವರು ಸಿಮ್ವಾಸ್ಟಾಟಿನ್ ತಗೊಳ್ಳಲೇಬಾರದು, ಮಾಂಸಖಂಡ ಹಾಳಾಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್, ಕೆಲವು ಅಸ್ತಮಾ ಪಂಪು, ಮೂಗಿನ ಸ್ಪ್ರೇ ಕೂಡ ಅದರ ಜೊತೆ ಮೈಯಲ್ಲಿ ಉಳಿದು ಬಿಪಿ, ಶುಗರ್ ಎರಡನ್ನೂ ಏರಿಸಬಹುದು. ದೋಣಿಯವರ ಹಳೆಯ ರಾತ್ರಿ ಮಾತ್ರೆಯಲ್ಲಿದ್ದ ಎಫಾವಿರೆನ್ಜ್ ಇದಕ್ಕೆ ಉಲ್ಟಾ. ಅದು ಆಮ್ಲೊಡಿಪಿನ್ ಬಲವನ್ನೇ ಇಳಿಸುತ್ತದೆ. ಒಂದೇ ಬಿಪಿ ಮಾತ್ರೆ, ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ.

ಬಾಯಿ ಮುಚ್ಚಿಕೊಂಡವ

ಎಲ್ಲರೂ ಹೇಳಿ ಹೇಳಿ ಎನ್ನುತ್ತೀರಿ. ಹೇಳಿದ ಮೇಲೆ ಆಗುವುದನ್ನು ಯಾರು ಅನುಭವಿಸುತ್ತಾರೆ? ನನ್ನ ಹರ್ನಿಯಾ ಆಪರೇಷನ್ನಿಗೆ ಒಂದು ಕಡೆ ಹೇಳಿದೆ. ದಿನ ಕೊಟ್ಟಿದ್ದವರು ಮಿಷನ್ ಹಾಳಾಗಿದೆ ಎಂದರು. ಬೇರೆ ಊರಿಗೆ ಹೋಗಿ ಹೇಳದೆ ಮಾಡಿಸಿಕೊಂಡೆ. ಬಿಪಿ ಮಾತ್ರೆಗೋಸ್ಕರ ಮಗಳ ಮದುವೆ ಮಾತುಕತೆ ಕೆಡಿಸಿಕೊಳ್ಳಲು ನಾನು ತಯಾರಿಲ್ಲ. ದೋಣಿಯವರು ಹೇಳದಿರುವುದೇ ಒಳ್ಳೆಯದು.

ತೋಟದಮನೆ, ಶಿರಸಿ

ಕಾನೂನು ನಿಮ್ಮ ಪರ ಇದೆ. 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆ ಇಲ್ಲ ಎನ್ನುವುದು, ಭೇದ ಮಾಡುವುದು, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತಿಳಿಸುವುದು ತಪ್ಪು. ದೂರು ಕೇಳಲು ರಾಜ್ಯದಲ್ಲಿ ಓಂಬುಡ್ಸ್‌ಮನ್ ಇರಬೇಕು ಎಂದೂ ಅದರಲ್ಲೇ ಇದೆ.

ಬಾಯಿ ಮುಚ್ಚಿಕೊಂಡವ

ಕಾಯ್ದೆ ಗೊತ್ತು ಭಾವ. ದೂರು ಕೊಡಲು ಹೋದರೆ ಅಲ್ಲಿ ಮೊದಲು ಬರೆಯಬೇಕಾದ್ದು ನನ್ನ ಹೆಸರು.

ನಿವೃತ್ತ ಸಿಸ್ಟರ್, ಕುಮಟಾ

ಅವರ ಮಾತನ್ನು ತಳ್ಳಿ ಹಾಕಬೇಡಿ. ನಾನು ಆಸ್ಪತ್ರೆಯ ಒಳಗಿದ್ದವಳು, ಅಲ್ಲಿ ಹೇಗೆ ಪಿಸುಗುಡುತ್ತಾರೆ ಎಂದು ನೋಡಿದ್ದೇನೆ. ಊರಿನ ಡಾಕ್ಟರಿಗೇ ಹೇಳಬೇಕು ಎಂದೇನೂ ಇಲ್ಲ. ನಿಮ್ಮ ಸ್ಥಿತಿ ಆಗಲೇ ಗೊತ್ತಿರುವ ಜಾಗ ಒಂದಿದೆಯಲ್ಲ, ಎಆರ್‌ಟಿ ಸೆಂಟರ್? ಬಿಪಿ ವಿಷಯ ಅಲ್ಲೇ ಎತ್ತಿ. ಅಲ್ಲಿನ ಡಾಕ್ಟರೇ ಬಿಪಿ ಮಾತ್ರೆ ಬರೆಯಬಹುದು, ಅಥವಾ ಸರಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಕಳಿಸಬಹುದು. ಬಿಪಿ ಮಾತ್ರೆ ಅಲ್ಲೂ ಪುಕ್ಕಟೆ.

ನನಗೆ ಬೇಜಾರು ಎಲ್ಲಿ ಅಂದರೆ, ಎಆರ್‌ಟಿ ಸೆಂಟರಿಗೆ ತಪ್ಪದೆ ಹೋಗುತ್ತೀರಿ, ಮಾತ್ರೆ ಎಣಿಸಿ ತೋರಿಸುತ್ತೀರಿ, ವೈರಲ್ ಲೋಡ್ ಕೇಳುತ್ತೀರಿ, ಬಸ್ಸಿಗೆ ಹೊತ್ತಾಯಿತೆಂದು ಓಡುತ್ತೀರಿ. ಬಿಪಿ ನೋಡಿ ಎಂದು ನೀವೂ ಕೇಳುವುದಿಲ್ಲ, ಜನ ಜಾಸ್ತಿ ಇದ್ದ ದಿನ ಅವರಿಗೂ ಪುರುಸೊತ್ತಿಲ್ಲ. ಬಿಪಿ ಎರಡು ಬಾಗಿಲ ನಡುವೆ ಬಿದ್ದುಹೋಗುತ್ತದೆ. ಮುಂದಿನ ಸಲ ಹೋದಾಗ ಬಿಪಿ ಬರೆಸಿಕೊಂಡೇ ಹೊರಗೆ ಬನ್ನಿ. ಎಆರ್‌ಟಿ ಪುಸ್ತಕದಲ್ಲೇ ಬರೆಸಿ.

ವೈದ್ಯ, ಕರಾವಳಿ

ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲ ಪ್ರಶ್ನೆ ಅರ್ಧಕ್ಕೆ ನಿಂತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ವೈರಸ್ ಪೂರ್ತಿ ಹಿಡಿತದಲ್ಲಿದ್ದರೂ ಮೈಯ ರೋಗನಿರೋಧಕ ವ್ಯವಸ್ಥೆ ಸ್ವಲ್ಪ ಕೆರಳಿಯೇ ಇರುತ್ತದೆ. ಆ ಸಣ್ಣ ಉರಿಯೂತ ವರ್ಷಗಟ್ಟಲೆ ನಡೆದರೆ ರಕ್ತನಾಳದ ಒಳಪದರ ಗಡುಸಾಗುತ್ತದೆ. ಎಚ್‌ಐವಿ ಇರುವವರಲ್ಲಿ ಹೃದಯಾಘಾತದ ಸಾಧ್ಯತೆ ಉಳಿದವರಿಗಿಂತ ಒಂದೂವರೆಯಿಂದ ಎರಡು ಪಟ್ಟು ಎಂದು ಹೇಳುವುದು ಇದರಿಂದಲೇ. ಅದರ ಮೇಲೆ ವಯಸ್ಸು, ತಂಬಾಕು, ಉಪ್ಪು, ತೂಕ.

ಡೊಲುಟೆಗ್ರಾವಿರ್‌ನಿಂದ ತೂಕ ಏರುವುದು ಸುಳ್ಳಲ್ಲ. ದಕ್ಷಿಣ ಆಫ್ರಿಕಾದ ಅಡ್ವಾನ್ಸ್ ಎಂಬ ಅಧ್ಯಯನದಲ್ಲಿ 2019ರಲ್ಲೇ ಅದು ಚೆನ್ನಾಗಿ ಕಂಡಿತು, ಹೆಂಗಸರಲ್ಲಿ ಇನ್ನೂ ಜಾಸ್ತಿ. ಆದರೆ ದೋಣಿಯವರು ಎಫಾವಿರೆನ್ಜ್‌ನಿಂದ ಬದಲಾದವರು. ಎಫಾವಿರೆನ್ಜ್ ತೂಕ ಏರುವುದನ್ನು ಸ್ವಲ್ಪ ತಡೆಯುತ್ತದೆ. ಆ ತಡೆ ಹೋದ ಮೇಲೆ ಏರಿದ ಪಾಲೂ ಇದರಲ್ಲಿ ಇರುತ್ತದೆ. ಏರಿದ ತೂಕದಿಂದ ಬಿಪಿ ಏರುವುದು ಖಂಡಿತ. ಟಿಎಲ್‌ಡಿ ನಿಲ್ಲಿಸಲು ಇದು ಕಾರಣ ಆಗುವುದಿಲ್ಲ. ತೂಕ ಇಳಿಸಿ, ಬಿಪಿ ಮಾತ್ರೆ ಶುರು ಮಾಡಿ.

ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಬಗ್ಗೆ ಎರಡು ಮಾತು. ಡೊಲುಟೆಗ್ರಾವಿರ್ ಶುರುವಾದಾಗ ಕ್ರಿಯಾಟಿನಿನ್ ಸ್ವಲ್ಪ ಏರಿದ ಹಾಗೆ ಕಾಣುತ್ತದೆ. ಕಿಡ್ನಿ ಹಾಳಾಗಿದ್ದಲ್ಲ, ಕ್ರಿಯಾಟಿನಿನ್ ಮೂತ್ರಕ್ಕೆ ಹೋಗುವ ಒಂದು ದಾರಿಯನ್ನು ಆ ಮದ್ದು ಮುಚ್ಚುತ್ತದೆ ಅಷ್ಟೆ. ಶುರುವಿನಲ್ಲಿ ಏರಿ ಅಲ್ಲೇ ನಿಲ್ಲುತ್ತದೆ. ಏರುತ್ತಲೇ ಹೋದರೆ ಟೆನೊಫೊವಿರ್ ಮೇಲೂ ಬಿಪಿ ಮೇಲೂ ಕಣ್ಣಿಡಬೇಕು. ಟೆಲ್ಮಿಸಾರ್ಟನ್ ಶುರು ಮಾಡಿದ ಮೇಲೆ ಕ್ರಿಯಾಟಿನಿನ್, ಪೊಟ್ಯಾಸಿಯಮ್ ನೋಡಿಸಬೇಕು. ಬಸುರಿಯಾಗುವ ಸಾಧ್ಯತೆ ಇರುವವರಿಗೆ ಆ ಮಾತ್ರೆ ಬೇಡ, ಮಗುವಿಗೆ ಅಪಾಯ.

ಇನ್ನೊಂದು. ರಿಪ್ರೀವ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಎಚ್‌ಐವಿ ಇರುವ 7,769 ಜನ, 40ರಿಂದ 75 ವರ್ಷದವರು. ಭಾರತದವರೂ ಅದರಲ್ಲಿದ್ದರು. ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ ಎಂದು ಲೆಕ್ಕ ಹಾಕಿದವರಲ್ಲೂ ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ದೊಡ್ಡ ಹೃದಯ ತೊಂದರೆಗಳನ್ನು ಸುಮಾರು 35 ಶೇಕಡಾ ತಗ್ಗಿಸಿತು. ನಲವತ್ತು ದಾಟಿದವರು ಸ್ಟಾಟಿನ್ ಬೇಕಾ ಎಂದು ತಮ್ಮ ಡಾಕ್ಟರನ್ನು ಕೇಳಿ. ತಾವೇ ಅಂಗಡಿಯಲ್ಲಿ ಕೊಳ್ಳಬೇಡಿ.

ಘಟ್ಟದ ಕೆಳಗೆ

ಡಾಕ್ಟ್ರೇ, ಏನೂ ತೊಂದರೆ ಇಲ್ಲದವನಿಗೆ ಜನ್ಮಪೂರ್ತಿ ಇನ್ನೊಂದು ಮಾತ್ರೆ ಯಾಕೆ? ಅವರೇ ಹೇಳಿದ್ದಾರೆ ಬಲೆ ಎಳೆಯುತ್ತೇನೆ ಅಂತ.

ವೈದ್ಯ, ಕರಾವಳಿ

ಬಿಪಿಗೆ ತೊಂದರೆ ಕಾಣಿಸುವುದೇ ಇಲ್ಲ, ಅದೇ ತೊಂದರೆ. ನನ್ನ ವಾರ್ಡಿಗೆ ಪಾರ್ಶ್ವವಾಯು ಆಗಿ ಬರುವವರಲ್ಲಿ ಎಷ್ಟೋ ಜನ ಹಿಂದಿನ ದಿನ ಗದ್ದೆಗೆ ಹೋಗಿ ಬಂದವರು. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮೊದಲ ನಾಲ್ಕೂವರೆ ಗಂಟೆಯೊಳಗೆ ಬಂದರೆ ಹೆಪ್ಪು ಕರಗಿಸುವ ಮದ್ದು ಕೊಡಲು ಸಾಧ್ಯ. ನಮ್ಮ ಘಟ್ಟದ ರಸ್ತೆ ನೆನಪಿಸಿಕೊಂಡರೆ ಆ ಹೊತ್ತು ಎಷ್ಟು ಬೇಗ ಮುಗಿಯುತ್ತದೆ ಎಂದು ನಿಮಗೇ ಗೊತ್ತು.

ದೋಣಿಯವ, ಅಂಕೋಲಾ ಕಡೆ

ಹೋಗಿ ಬಂದೆ. ಕವಳ ಉಗಿದು, ಬಾಯಿ ತೊಳೆದು, ಕಾದು ಕೂತು ಬಿಪಿ ನೋಡಿಸಿದೆ. 152/96. ಎಆರ್‌ಟಿ ಡಾಕ್ಟರೇ ಆಮ್ಲೊಡಿಪಿನ್ 5 ಬರೆದರು. ಕ್ರಿಯಾಟಿನಿನ್, ಶುಗರ್, ಮೂತ್ರ ಎಲ್ಲ ನೋಡಿದರು, ಸರಿ ಇದೆ. ಊರಿನ ಡಾಕ್ಟರಿಗೆ ಹೇಳಿಲ್ಲ. ಹೇಳುವುದೂ ಇಲ್ಲ, ಈಗಲೇ ಅಂತೂ ಇಲ್ಲ. ಆದರೆ ಅವರಲ್ಲಿ ನೋವಿನ ಮಾತ್ರೆ ಕೇಳುವುದು ನಿಲ್ಲಿಸಿದ್ದೇನೆ.

ಒಂದು ಸಂಶಯ. ಬೋಟಿಗೆ ಹೋದರೆ ಹೊತ್ತಿನ ಲೆಕ್ಕ ಇರುವುದಿಲ್ಲ. ಬಿಪಿ ಮಾತ್ರೆ ಬೇರೆ, ಟಿಎಲ್‌ಡಿ ಬೇರೆ ಹೊತ್ತಿಗೆ ತಗೊಳ್ಳಬೇಕಾ?

ಔಷಧಿ ಅಂಗಡಿ, ಹೊನ್ನಾವರ

ಎರಡೂ ಒಟ್ಟಿಗೇ ತಗೊಳ್ಳಬಹುದು. ಒಂದೇ ಡಬ್ಬಿ, ಒಂದೇ ಹೊತ್ತು, ಮರೆಯುವುದು ಕಡಿಮೆ. ಆಮ್ಲೊಡಿಪಿನ್ ಮೈಯಲ್ಲಿ ನಿಧಾನ ಕರಗುವ ಮಾತ್ರೆ. ಕೆಲವು ಗಂಟೆ ತಡವಾದರೆ ಹೆದರಬೇಡಿ, ನೆನಪಾದಾಗ ತಗೊಳ್ಳಿ. ಮಾರನೇ ದಿನ ನೆನಪಾದರೆ ಎರಡು ಒಟ್ಟಿಗೆ ನುಂಗಬೇಡಿ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ, ಉಪ್ಪು ನೀರು ತಾಗಿದರೆ ಮಾತ್ರೆ ಹಾಳು.

ನಿವೃತ್ತ ಸಿಸ್ಟರ್, ಕುಮಟಾ

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ರಜೆ ಇದೆಯಲ್ಲ, ಆಗ ನೀನು ಮನೆಯಲ್ಲೇ ಇರುತ್ತೀ. ಬಿಪಿ ಮಾತ್ರೆ ಏರಿಸುವುದು ಇಳಿಸುವುದು ಇದ್ದರೆ ಆಗ ಡಾಕ್ಟರ ಹತ್ತಿರ ಹೋಗಲು ಸುಲಭ. ಅಲ್ಲಿ ತನಕ ಬಿಡಬೇಡ, ತಿಂಗಳಿಗೊಮ್ಮೆ ನೋಡಿಸು. ರಜೆಯಲ್ಲಿ ಕೆಲಸ ಇಲ್ಲ ಎಂದು ಕೂತು ಒಣಮೀನು ತಿನ್ನಬೇಡ, ಅಷ್ಟೆ.

ಬಾಯಿ ಮುಚ್ಚಿಕೊಂಡವ

ಎಆರ್‌ಟಿ ಸೆಂಟರಿನಲ್ಲೇ ಬಿಪಿ ಮಾತ್ರೆ ಬರೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹೆಸರು ಹೇಳದೆ ಮೊದಲು ಫೋನಿನಲ್ಲಿ ಯಾರನ್ನಾದರೂ ಕೇಳಬಹುದಾ?

ಕಾಳಿ ದಂಡೆ, ಕಾರವಾರ

1097ಕ್ಕೆ ಮಾಡಿ ಅಣ್ಣಾ. ಸರಕಾರದ ಏಡ್ಸ್ ಸಹಾಯವಾಣಿ, ದುಡ್ಡು ಕಟ್ಟಾಗುವುದಿಲ್ಲ, ಹೆಸರು ಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ನನ್ನದೂ ಒಂದು ಪ್ರಶ್ನೆ ಇದೆ. ಮನೆಯಲ್ಲಿ ಬಿಪಿ ನೋಡಲು ಮಿಷನ್ ತರಬೇಕೆಂದಿದ್ದೇನೆ. ಮಣಿಕಟ್ಟಿಗೆ ಕಟ್ಟುವುದು ಚಿಕ್ಕದಾಗಿ ಚೆನ್ನಾಗಿದೆ. ಅದೇ ಸಾಕಾ?

ಔಷಧಿ ಅಂಗಡಿ, ಹೊನ್ನಾವರ

ಬೇಡ ಅಕ್ಕಾ, ತೋಳಿಗೆ ಕಟ್ಟುವುದನ್ನೇ ತಗೊಳ್ಳಿ. ಮಣಿಕಟ್ಟಿನದ್ದು ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ತಪ್ಪು ತೋರಿಸುತ್ತದೆ. ತೋಳಿನ ಅಳತೆ ನೋಡಿ ಪಟ್ಟಿ ಆರಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಮನೆಯಲ್ಲಿ ನೋಡುವಾಗ 135/85 ದಾಟಿದರೆ ಜಾಸ್ತಿ ಎಂದು ಲೆಕ್ಕ. ತಂದ ಮೇಲೆ ಒಮ್ಮೆ ಆಸ್ಪತ್ರೆಗೆ ಒಯ್ದು ಅವರ ಮಿಷನ್ ಜೊತೆ ತಾಳೆ ನೋಡಿ.